ಗರ್ಭಿಣಿಯರಿಗೆ ವಿಟಮಿನ್ ಡಿ: ಎಷ್ಟು ಬೇಕು, ಎಷ್ಟು ಸಾಕು?

ವಿಡಿಯೋ ನೋಡೋಕೆ ಟೈಮ್ ಸಿಗದವರು ಕ್ಯಾಬಲ್ಲಿ ಕೂತು ಓದಿಕೊಳ್ಳಲಿ ಅಂತ ಎಂದಿನಂತೆ ಬರಹದ ರೂಪ ಇಲ್ಲಿದೆ. ಈ ಸಲದ ವಿಷಯ ಗರ್ಭಿಣಿಯರು ಮತ್ತು ವಿಟಮಿನ್ ಡಿ. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ, ಎಂಟೆಕ್ ಮಾಡಿ ಸಾಫ್ಟ್‌ವೇರಲ್ಲಿ ಇರೋನು. ಯಾರಿಗೆ ಎಷ್ಟು ಡೋಸ್ ಅನ್ನೋದನ್ನ ನಿಮ್ಮ ಡಾಕ್ಟರೇ ಹೇಳಬೇಕು. ಅವರು ಹೇಳಿದ್ದು ಅರ್ಥ ಆಗಲಿ, ಸರಿಯಾದ ಪ್ರಶ್ನೆ ಕೇಳೋಕೆ ಬರಲಿ ಅನ್ನೋದಷ್ಟೇ ನನ್ನ ಉದ್ದೇಶ.

ಬಿಸಿಲಿನ ದೇಶದಲ್ಲಿ ಕೊರತೆ ಯಾಕೆ?

ಹಿಂಜವಡಿ ಇರಲಿ, ಗಚ್ಚಿಬೌಲಿ ಇರಲಿ, ಚೆನ್ನೈನ ಓಎಂಆರ್ ಇರಲಿ, ನಮ್ಮೆಲ್ಲರ ದಿನಚರಿ ಒಂದೇ. ಬೆಳಿಗ್ಗೆ ಕ್ಯಾಬ್, ಹಗಲೆಲ್ಲ ಎಸಿ, ಕತ್ತಲಾದ ಮೇಲೆ ಮನೆ. ವರ್ಕ್ ಫ್ರಮ್ ಹೋಮ್ ಅಂದ್ರೆ ಫ್ಲಾಟ್ ಬಿಟ್ಟು ಹೊರಗೆ ಬರೋದೇ ಇಲ್ಲ. ಊರಲ್ಲಾದ್ರೆ ಅಂಗಳ, ಹಿತ್ತಲು, ತಾರಸಿ ಅಂತ ಓಡಾಟದಲ್ಲೇ ಒಂದಷ್ಟು ಬಿಸಿಲು ಮೈಗೆ ಬೀಳ್ತಿತ್ತು.

ಬಿಸಿಲಿನ ಯುವಿಬಿ ಕಿರಣ ಚರ್ಮಕ್ಕೆ ನೇರವಾಗಿ ತಾಗಿದಾಗ ವಿಟಮಿನ್ ಡಿ ತಯಾರಾಗುತ್ತೆ. ಅದು ಲಿವರ್‌ನಲ್ಲಿ ಒಂದು ಸಲ, ಕಿಡ್ನಿಯಲ್ಲಿ ಇನ್ನೊಂದು ಸಲ ರೂಪ ಬದಲಿಸಿ ಕೆಲಸಕ್ಕೆ ಬರುತ್ತೆ. ಅದರ ಮುಖ್ಯ ಕೆಲಸ, ನಾವು ತಿಂದ ಊಟದಲ್ಲಿರೋ ಕ್ಯಾಲ್ಸಿಯಂ ಅನ್ನ ಕರುಳು ಹೀರಿಕೊಳ್ಳೋ ಹಾಗೆ ಮಾಡೋದು.

ಇಲ್ಲಿ ಮೂರು ವಿಷಯ ನೆನಪಿಡಿ. ಒಂದು, ಕಿಟಕಿ ಗಾಜು ಯುವಿಬಿಯನ್ನ ಬಹುಪಾಲು ತಡೆಯುತ್ತೆ, ಹಾಗಾಗಿ ಗಾಜಿನ ಪಕ್ಕದ ಸೀಟಿನಿಂದ ಉಪಯೋಗ ಇಲ್ಲ. ಎರಡು, ನಮ್ಮಂಥ ಕಂದು ಚರ್ಮಕ್ಕೆ ಬಿಳಿ ಚರ್ಮಕ್ಕಿಂತ ಹೆಚ್ಚು ಹೊತ್ತು ಬಿಸಿಲು ಬೇಕು. ಮೂರು, ಬೆಳಿಗ್ಗೆ ಏಳರ ಎಳೆ ಬಿಸಿಲಲ್ಲಿ ಯುವಿಬಿ ತೀರಾ ಕಡಿಮೆ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡ ಇರೋ ಹೊತ್ತಲ್ಲೇ, ಅಂದ್ರೆ ಮಧ್ಯಾಹ್ನದ ಆಸುಪಾಸಲ್ಲೇ, ಅದು ಚೆನ್ನಾಗಿ ಸಿಗೋದು. ಆ ಹೊತ್ತಲ್ಲಿ ನಾವು ಮೀಟಿಂಗಲ್ಲಿ ಇರ್ತೀವಿ.

ಇದು ನಮ್ಮೊಬ್ಬರದೇ ಕಥೆಯೂ ಅಲ್ಲ. 2005ರಲ್ಲಿ ಪ್ರಕಟವಾದ ಲಖನೌ ಅಧ್ಯಯನದಲ್ಲಿ ನಗರ ಮತ್ತು ಹಳ್ಳಿ ಎರಡೂ ಕಡೆಯ ಗರ್ಭಿಣಿಯರಲ್ಲಿ 84% ಜನರಿಗೆ ಕೊರತೆ ಕಂಡುಬಂದಿತ್ತು.

ತಾಯಿ, ಮಗುವಿಗೆ ಏನಾಗುತ್ತೆ?

ಹುಟ್ಟೋ ಹೊತ್ತಿಗೆ ಮಗುವಿನ ಮೂಳೆಗಳಲ್ಲಿ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಸೇರಿರುತ್ತೆ. ಅದರಲ್ಲಿ ಹೆಚ್ಚಿನದು ಕೊನೆಯ ಮೂರು ತಿಂಗಳಲ್ಲಿ ಹೋಗೋದು, ಎಲ್ಲವೂ ಅಮ್ಮನಿಂದಲೇ. ವಿಟಮಿನ್ ಡಿ ಕೂಡ ಹಾಗೇ. ಹೊಟ್ಟೆಯಲ್ಲಿರೋ ಮಗುವಿಗೆ ಬಿಸಿಲಿಲ್ಲ, ಅಮ್ಮನ ರಕ್ತದಲ್ಲಿ ಇದ್ದಷ್ಟೇ ಅದಕ್ಕೆ. ಅಮ್ಮನಿಗೆ ತೀವ್ರ ಕೊರತೆ ಇದ್ರೆ ಮಗು ಹುಟ್ಟುವಾಗಲೇ ಕೊರತೆ ಹೊತ್ತು ಬರುತ್ತೆ. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ಶಿಶುವಿಗೆ ಫಿಟ್ಸ್ ಬರಬಹುದು, ಮುಂದೆ ಮೂಳೆ ಸೊಟ್ಟಗಾಗೋ ರಿಕೆಟ್ಸ್ ಆಗಬಹುದು. ಇದರಲ್ಲಿ ವೈದ್ಯರಿಗೆ ಅನುಮಾನ ಇಲ್ಲ.

ನಮ್ಮ ದೇಶದ್ದೇ ಹಳೇ ಉದಾಹರಣೆ ಇದೆ. 1920ರ ದಶಕದಲ್ಲಿ ಕಾಶ್ಮೀರದಲ್ಲಿ ಕೆಲಸ ಮಾಡಿದ ವೈದ್ಯೆ ಕ್ಯಾಥ್ಲೀನ್ ವಾನ್ ಒಂದು ವಿಷಯ ಗಮನಿಸಿದ್ರು. ಪರದೆಯೊಳಗೆ, ಕತ್ತಲೆ ಕೋಣೆಗಳಲ್ಲಿ ಇರೋ ಹೆಣ್ಮಕ್ಕಳಲ್ಲಿ ಮೂಳೆ ಮೆತ್ತಗಾಗಿ, ಸೊಂಟದ ಮೂಳೆ ವಿಕಾರವಾಗಿ, ಹೆರಿಗೆ ಪ್ರಾಣಕ್ಕೇ ಬರ್ತಿತ್ತು. ಹೊರಗೆ ಬಿಸಿಲಲ್ಲಿ ದುಡಿಯೋ ಬಡ ಹೆಂಗಸರಲ್ಲಿ ಇದು ಅಪರೂಪ. ಇವತ್ತು ಅಷ್ಟು ತೀವ್ರ ಸ್ಥಿತಿ ನಮ್ಮಲ್ಲಿ ಕಾಣಲ್ಲ. ಆದ್ರೆ ಬಿಸಿಲು ತಾಗದ ಮೈ ಅನ್ನೋ ಕಾರಣ ಅದೇ.

ಇನ್ನೂ ತೀರ್ಮಾನ ಆಗದ ವಿಷಯಗಳು

ವಾಟ್ಸಾಪಲ್ಲಿ ಬರೋ ಮೆಸೇಜ್ ಪ್ರಕಾರ ವಿಟಮಿನ್ ಡಿ ತಗೊಂಡ್ರೆ ಬಿಪಿ ಬರಲ್ಲ, ಶುಗರ್ ಬರಲ್ಲ, ಮಗುವಿಗೆ ಆಸ್ತಮಾ ಬರಲ್ಲ. ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಕೊರತೆ ಇರೋರಲ್ಲಿ ಈ ತೊಂದರೆಗಳೂ ಜಾಸ್ತಿ ಕಂಡಿದ್ದು ನಿಜ. ಆದ್ರೆ ಲಾಗಲ್ಲಿ ಎರಡು ಎರರ್ ಒಟ್ಟಿಗೆ ಬಂದ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ಬಂತು ಅನ್ನೋಕಾಗಲ್ಲ. ತೂಕ, ಊಟ, ನಡಿಗೆ ಎಲ್ಲವೂ ಅದರ ಹಿಂದೆ ಇರ್ತವೆ.

ಢಾಕಾದಲ್ಲಿ ಸುಮಾರು 1300 ಗರ್ಭಿಣಿಯರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಅಲ್ಲಿ ಕೊರತೆ ಸಾಮಾನ್ಯ, ವಾರಕ್ಕೆ 28,000 ಐಯುವರೆಗೂ ಕೊಟ್ಟಿದ್ರು. ಆದ್ರೂ ಮಗುವಿನ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ಗರ್ಭಿಣಿಯರಿಗೂ ಇದನ್ನ ಕೊಡಬೇಕು ಅಂತ ಶಿಫಾರಸು ಮಾಡಲ್ಲ, ಕೊರತೆಯ ಅನುಮಾನ ಇರೋರಿಗೆ ದಿನಕ್ಕೆ 200 ಐಯು ಸಾಕು ಅನ್ನುತ್ತೆ. ಅಮೆರಿಕದ ಎಂಡೋಕ್ರೈನ್ ಸೊಸೈಟಿ 2024ರಲ್ಲಿ, ಬಿಪಿ ಸಂಬಂಧಿ ತೊಂದರೆ ಮತ್ತು ಅವಧಿಪೂರ್ವ ಹೆರಿಗೆ ಕಡಿಮೆ ಆಗೋ ಸಾಧ್ಯತೆ ಇರೋದ್ರಿಂದ ಗರ್ಭಿಣಿಯರು ತಗೊಳ್ಳೋದು ಒಳ್ಳೇದು ಅಂತ ಸೂಚಿಸ್ತು. ಇಬ್ಬರು ಡಾಕ್ಟರ್ ಎರಡು ರೀತಿ ಹೇಳಿದ್ರೆ ಗಾಬರಿ ಆಗಬೇಡಿ.

ಎಷ್ಟು ಬೇಕು?

ಐಸಿಎಂಆರ್‌ನ 2020ರ ಲೆಕ್ಕದಲ್ಲಿ ದಿನಕ್ಕೆ 600 ಐಯು. ಡಾಕ್ಟರ್ ಹೇಳದೆ ದಿನಕ್ಕೆ 4000 ಐಯು ದಾಟಬಾರದು. ಸರ್ಕಾರದ ಮಾರ್ಗಸೂಚಿಯಂತೆ 14ನೇ ವಾರದಿಂದ ಕೊಡೋ ಒಂದೊಂದು ಕ್ಯಾಲ್ಸಿಯಂ ಮಾತ್ರೆಯಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ ಜೊತೆ 250 ಐಯು ಡಿ ಇರುತ್ತೆ. ದಿನಕ್ಕೆ ಎರಡು ಅಂದ್ರೆ 500 ಐಯು ಆಗಲೇ ಬಂತು. ನಿಮ್ಮ ಮಲ್ಟಿವಿಟಮಿನ್‌ನಲ್ಲೂ ಇರಬಹುದು. ಎಲ್ಲ ಸ್ಟ್ರಿಪ್ ತಿರುಗಿಸಿ ಓದಿ, ಕೂಡಿಸಿ ನೋಡಿ. ಹಾಗೇ ಕ್ಯಾಲ್ಸಿಯಂ ಮಾತ್ರೆ ಊಟದ ಜೊತೆ ತಗೊಳ್ಳಿ, ಕಬ್ಬಿಣದ ಮಾತ್ರೆಗೂ ಅದಕ್ಕೂ ಕನಿಷ್ಠ ಎರಡು ಗಂಟೆ ಅಂತರ ಇರಲಿ.

ಈಗ 60ಕೆ ಸ್ಯಾಶೆ ವಿಷಯ. ದಯವಿಟ್ಟು ಇದನ್ನ ಗಮನ ಕೊಟ್ಟು ಓದಿ. 60,000 ಐಯು ಅಂದ್ರೆ ದಿನಕ್ಕೆ 600ರ ಲೆಕ್ಕದಲ್ಲಿ ನೂರು ದಿನದ್ದು. ಅದು ಸಾಮಾನ್ಯವಾಗಿ ಕೊರತೆ ಇರೋರಿಗೆ ವಾರಕ್ಕೊಂದರಂತೆ, ಇಷ್ಟೇ ವಾರ ಅಂತ ಬರೆದುಕೊಡೋದು. ಚೀಟಿ ಸರಿಯಾಗಿ ಓದದೆ ದಿನಾ ತಗೊಂಡ್ರೆ ಮೈಯಲ್ಲಿ ಶೇಖರವಾಗಿ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತೆ. ವಾಂತಿ, ಮಲಬದ್ಧತೆ, ಅತಿ ಬಾಯಾರಿಕೆ ಶುರುವಾಗಿ ಕಿಡ್ನಿಗೂ ಪೆಟ್ಟು. ಬಸುರಿಯರಲ್ಲಿ ವಾಂತಿ ಸಹಜ ಅಂತ ಮನೆಯವರು ಸುಮ್ಮನಿರೋ ಅಪಾಯ ಬೇರೆ. ಗೆಳತಿಗೆ ಬರೆದುಕೊಟ್ಟಿದ್ದನ್ನ ನೀವು ತಗೊಳ್ಳಬೇಡಿ. ಕಿಡ್ನಿ ಕಲ್ಲು ಇದ್ರೆ, ಫಿಟ್ಸ್‌ಗೆ ಔಷಧಿ ತಗೊಳ್ತಿದ್ರೆ ಮೊದಲೇ ಡಾಕ್ಟರಿಗೆ ತಿಳಿಸಿ.

ಲ್ಯಾಬ್ ರಿಪೋರ್ಟಲ್ಲಿ 24 ಅಂತ ಬಂದು ಪಕ್ಕದಲ್ಲಿ ಕೆಂಪು ಗುರುತು ಇದ್ಯಾ? ಮಿಲಿಲೀಟರಿಗೆ 20 ನ್ಯಾನೋಗ್ರಾಂ ಇದ್ರೆ ಹೆಚ್ಚಿನವರ ಮೂಳೆಗೆ ಸಾಕು. 30 ಇರಲೇಬೇಕು ಅನ್ನೋ ಹಳೇ ಗೆರೆಯನ್ನ ಎಂಡೋಕ್ರೈನ್ ಸೊಸೈಟಿಯೇ 2024ರಲ್ಲಿ ಕೈಬಿಟ್ಟಿದೆ. ರಿಪೋರ್ಟ್ ನ್ಯಾನೋಮೋಲ್‌ನಲ್ಲಿದ್ರೆ 2.5ರಿಂದ ಭಾಗಿಸಿ ನೋಡಿ.

ಊಟದಿಂದ ಸಿಗೋದು ಕಡಿಮೆ. ಮೊಟ್ಟೆಯ ಹಳದಿ, ಬೂತಾಯಿ, ಬಂಗುಡೆಯಂಥ ಎಣ್ಣೆಯಂಶದ ಮೀನು, ಪ್ಲಸ್ ಎಫ್ ಗುರುತಿನ ಹಾಲು ಇಷ್ಟೇ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ಆದ್ರೆ ಡಿ ಇಲ್ಲ. ರಾಗಿ ಮುದ್ದೆಯ ಕ್ಯಾಲ್ಸಿಯಂ ಮೈಗೆ ಚೆನ್ನಾಗಿ ಹತ್ತೋಕೂ ಡಿ ಬೇಕು.

ಬಾಣಂತನದಲ್ಲಿ

ಎದೆಹಾಲು ಮಗುವಿಗೆ ಅತ್ಯುತ್ತಮ, ಆದ್ರೆ ಅದರಲ್ಲಿ ವಿಟಮಿನ್ ಡಿ ತೀರಾ ಕಡಿಮೆ. ಅದಕ್ಕೇ ಭಾರತದ ಮಕ್ಕಳ ವೈದ್ಯರ ಸಂಘ ಹುಟ್ಟಿದಾಗಿನಿಂದ ಒಂದು ವರ್ಷದವರೆಗೆ ದಿನಾ 400 ಐಯು ಡ್ರಾಪ್ಸ್ ಹೇಳುತ್ತೆ. ಒಂದು ಎಂಎಲ್‌ಗೆ 400 ಇರೋ ಬಾಟಲಿಯೂ ಇದೆ, 800 ಇರೋದೂ ಇದೆ. ಬಾಟಲಿ ಬದಲಾದಾಗೆಲ್ಲ ಲೇಬಲ್ ನೋಡಿ.

ಊರಿಂದ ಬಾಣಂತನಕ್ಕೆ ಬಂದ ಅಮ್ಮನೋ ಅತ್ತೆಯೋ "ಎಣ್ಣೆ ಹಚ್ಚಿ ಎಳೆ ಬಿಸಿಲಿಗೆ ಹಿಡಿದ್ರೆ ಸಾಕು, ಡ್ರಾಪ್ಸ್ ಯಾಕೆ" ಅಂದ್ರೆ ಜಗಳಕ್ಕೆ ಹೋಗಬೇಡಿ. ಎಣ್ಣೆನೂ ಹಚ್ಚಲಿ, ಬಿಸಿಲೂ ಕಾಯಿಸಲಿ. ಆ ಬಿಸಿಲಿಂದ ಬೆಚ್ಚಗಾಗುತ್ತೆ, ಡಿ ಮಾತ್ರ ಸಾಲಲ್ಲ. ಡ್ರಾಪ್ಸ್ ಕೊಡೋ ಜವಾಬ್ದಾರಿಯನ್ನ ಅಪ್ಪ ಆದವರು ತಗೊಳ್ಳಿ, ಫೋನಲ್ಲಿ ದಿನಾ ಒಂದು ಅಲಾರಂ ಇಟ್ಟುಕೊಳ್ಳಿ.

ಮುಂದಿನ ಸಲ ಡಾಕ್ಟರ್ ಹತ್ರ ಹೋದಾಗ ಮೂರು ಪ್ರಶ್ನೆ ಕೇಳಿ. ನಾನು ಈಗ ತಗೊಳ್ತಿರೋ ಮಾತ್ರೆಗಳಲ್ಲಿ ಒಟ್ಟು ಎಷ್ಟು ಡಿ ಇದೆ? ನನಗೆ ಅದು ಸಾಕಾ? ಸ್ಯಾಶೆ ಬರೆದ್ರೆ ದಿನಕ್ಕಾ ವಾರಕ್ಕಾ, ಎಷ್ಟು ವಾರ? ಉತ್ತರವನ್ನ ಚೀಟಿಯಲ್ಲೇ ಬರೆಸಿಕೊಳ್ಳಿ. ಬೇರೆ ಭಾಷೆಯ ಊರಲ್ಲಿ ಡಾಕ್ಟರ್ ಹೇಳಿದ ಮಾತು ತಪ್ಪಾಗಿ ಕೇಳಿಸೋದು ಸುಲಭ.

ನಿಮ್ಮ ಪರಿಚಯದ ಗರ್ಭಿಣಿಯರಿಗೆ ಇದನ್ನ ಕಳಿಸಿ.