ಒಂದೇ ನಂಬರು, ಅದೇ ಎಲೆ: ಹಳೆಯ ಆಟಗಳನ್ನು ಮತ್ತೆ ಕಟ್ಟುವ ಕತೆ

ಮಕ್ಕಳೇ, ನಿಮ್ಮ ಮನೆಯ ಚೆನ್ನೆಮಣೆಗೆ ಗೆದ್ದಲು ಹಿಡಿಯಿತು ಅಂತ ಇಟ್ಟುಕೊಳ್ಳಿ. ಏನು ಮಾಡ್ತೀರಿ? ಆಚಾರಿಯವರ ಹತ್ತಿರ ಹೋಗಿ "ಎರಡು ಸಾಲು, ಸಾಲಿಗೆ ಏಳು ಗುಳಿ" ಅಂದರೆ ಸಾಕು, ಹೊಸ ಮಣೆ ಸಿದ್ಧವಾಗುತ್ತದೆ. ಮಣೆಯೇ ಸಿಗಲಿಲ್ಲವೆಂದರೆ ನೆಲದಲ್ಲಿ ಗುಳಿ ತೋಡಿ ಹುಣಸೆಬೀಜ ಇಟ್ಟೂ ಆಡಬಹುದು. ಆಟದ ನಿಯಮ ಅಜ್ಜಿಗೆ ಗೊತ್ತುಂಟು, ನಿಮಗೂ ಗೊತ್ತುಂಟು. ಆ ನಿಯಮಕ್ಕೆ ಒಡೆಯರು ಯಾರೂ ಇಲ್ಲ.

ಕಂಪ್ಯೂಟರ್ ಆಟ ಹಾಗಲ್ಲ. ಅದರ ಒಳಗೆ ಏನುಂಟು ಅಂತ ಆಡುವವರಿಗೆ ಕಾಣುವುದಿಲ್ಲ. ಕಂಪನಿ ಮಾರುವುದು ಯಂತ್ರಕ್ಕೆ ಮಾತ್ರ ಅರ್ಥವಾಗುವ ರೂಪವನ್ನು. ಮನುಷ್ಯರು ಬರೆದ ಮೂಲ ಸಂಕೇತ, ಅಂದರೆ ಸೋರ್ಸ್ ಕೋಡ್, ಕಂಪನಿಯ ಕಪಾಟಿನಲ್ಲೇ ಉಳಿಯುತ್ತದೆ. ಕಂಪನಿ ಆಟವನ್ನು ನಿಲ್ಲಿಸಿದರೆ ಮುಗಿಯಿತು. ಹಳೆಯ ವಿಂಡೋಸ್ ಕಂಪ್ಯೂಟರ್ ಕೊಂಡಾಗ ಸಾಲಿಟೇರ್, ಫ್ರೀಸೆಲ್ ಎಂಬ ಇಸ್ಪೀಟಿನ ಆಟಗಳು ಜೊತೆಗೇ ಬರುತ್ತಿದ್ದವು. 2012ರ ವಿಂಡೋಸ್ 8ರಲ್ಲಿ ಅವು ಇರಲಿಲ್ಲ. ಬೇಕಾದವರು ಇಂಟರ್ನೆಟ್ಟಿನಿಂದ ಬೇರೆಯಾಗಿ ಇಳಿಸಿಕೊಳ್ಳಬೇಕಾಯಿತು, ನಡುನಡುವೆ ಜಾಹೀರಾತನ್ನೂ ನೋಡಬೇಕಾಯಿತು.

ಇಂಥ ಆಟಗಳನ್ನು ಮೊದಲಿನಿಂದ ತಾವೇ ಬರೆದು ಎಲ್ಲರಿಗೂ ಬಿಟ್ಟುಕೊಡುವವರು ಪ್ರಪಂಚದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರು ಕಟ್ಟುವ ಆಟಗಳು ಸ್ವತಂತ್ರ ತಂತ್ರಾಂಶ.

ಸ್ವತಂತ್ರ ಅಂದರೆ ಏನು?

"ಬಿಟ್ಟಿ ಸಿಗುವುದು" ಎಂದಲ್ಲ. ಬಿಟ್ಟಿ ಸಿಕ್ಕಿದರೂ ಒಳಗೆ ನೋಡಲು ಬಿಡದ ಆಟಗಳು ಫೋನಿನಲ್ಲಿ ಸಾವಿರ ಉಂಟು. 1983ರಲ್ಲಿ ಗ್ನೂ ಯೋಜನೆಯನ್ನು ಸಾರಿದ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಹೇಳುವ ಸ್ವಾತಂತ್ರ್ಯಗಳು ನಾಲ್ಕು: ತಂತ್ರಾಂಶವನ್ನು ಯಾವ ಕೆಲಸಕ್ಕಾದರೂ ಬಳಸುವುದು, ಅದರ ಮೂಲ ಸಂಕೇತ ಓದಿ ಬೇಕಾದಂತೆ ತಿದ್ದುವುದು, ಪ್ರತಿ ಮಾಡಿ ಹಂಚುವುದು, ತಿದ್ದಿದ್ದನ್ನೂ ಹಂಚುವುದು. ಕಾಸರಗೋಡು, ವಯನಾಡಿನ ಶಾಲೆಗಳ ಕಂಪ್ಯೂಟರ್ ಲ್ಯಾಬಿನಲ್ಲಿರುವ ಕೈಟ್ ಸಂಸ್ಥೆಯ ಗ್ನೂ/ಲಿನಕ್ಸ್ ಕೂಡ ಈ ಜಾತಿಯದೇ.

ಫ್ರೀಸೆಲ್ ಎಂಬ ಆಟ

ಇಸ್ಪೀಟು ಅಂದ ಕೂಡಲೇ ಮನೆಯಲ್ಲಿ ಹಿರಿಯರು ಮುಖ ಗಂಟಿಕ್ಕಬಹುದು. ಆದರೆ ಇದು ಹಣ ಕಟ್ಟುವ ಆಟವಲ್ಲ. ಒಬ್ಬರೇ ಕೂತು ಬಿಡಿಸುವ ಲೆಕ್ಕದ ಹಾಗೆ. 52 ಎಲೆಗಳನ್ನೂ ಮುಖ ಮೇಲೆ ಮಾಡಿ ಎಂಟು ಸಾಲಿನಲ್ಲಿ ಹಂಚುತ್ತಾರೆ. ತಾತ್ಕಾಲಿಕವಾಗಿ ಎಲೆ ಇಡಲು ನಾಲ್ಕು ಖಾಲಿ ಜಾಗ ಇರುತ್ತವೆ. ಸಾಲಿನಲ್ಲಿ ಕೆಂಪಿನ ಮೇಲೆ ಕಪ್ಪು, ಕಪ್ಪಿನ ಮೇಲೆ ಕೆಂಪು, ಒಂದೊಂದೇ ಇಳಿಯುತ್ತಾ ಇಡಬೇಕು. ಕೊನೆಗೆ ನಾಲ್ಕು ಬಣ್ಣಗಳೂ ಎಕ್ಕದಿಂದ ರಾಜನವರೆಗೆ ಸೇರಿದರೆ ಗೆದ್ದ ಹಾಗೆ.

ಈ ಆಟವೇ ಒಂದು ಹಳೆಯ ಆಟದ ತಿದ್ದುಪಡಿ. ಮಾರ್ಟಿನ್ ಗಾರ್ಡ್‌ನರ್ 1968ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಬೇಕರ್ಸ್ ಗೇಮ್ ಎಂಬುದನ್ನು ವಿವರಿಸಿದ್ದರು. ಅದರಲ್ಲಿ ಆಟೀನಿನ ಮೇಲೆ ಆಟೀನೇ, ಇಸ್ಪೀಟಿನ ಮೇಲೆ ಇಸ್ಪೀಟೇ ಇಡಬೇಕು. ಪಾಲ್ ಆಲ್ಫಿಲ್ ಎಂಬವರು 1978ರಲ್ಲಿ ಆ ಒಂದು ನಿಯಮ ಬದಲಿಸಿ, ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಕಂಪ್ಯೂಟರಿನಲ್ಲಿ ಫ್ರೀಸೆಲ್ ಬರೆದರು. ಅದನ್ನು ವಿಂಡೋಸಿಗೆ ತಂದವರು ಜಿಮ್ ಹಾರ್ನ್.

ಹಾರ್ನ್ ಒಂದು ಜಾಣತನ ಮಾಡಿದರು. 1ರಿಂದ 32,000ದವರೆಗೆ ಪ್ರತಿ ಹಂಚಿಕೆಗೂ ಒಂದು ನಂಬರು ಕೊಟ್ಟರು. ಯಾವ ಊರಿನ ಯಾವ ಕಂಪ್ಯೂಟರಿನಲ್ಲಿ 617 ಒತ್ತಿದರೂ ಅವೇ ಎಲೆಗಳು ಅದೇ ಕ್ರಮದಲ್ಲಿ ಬರುತ್ತವೆ. ಇದರಿಂದ ಒಬ್ಬರು ಆಡಿದ್ದನ್ನೇ ಇನ್ನೊಬ್ಬರೂ ಆಡಿ ನೋಡಬಹುದು. 1994–95ರಲ್ಲಿ ಇಂಟರ್ನೆಟ್ಟಿನಲ್ಲಿ ಆಸಕ್ತರು ಸೇರಿ 32,000ವನ್ನೂ ತಮ್ಮೊಳಗೆ ಹಂಚಿಕೊಂಡು ಬಿಡಿಸಿದರು. ಉಳಿದದ್ದು ಒಂದೇ ಒಂದು, ನಂಬರು 11982. ಅದಕ್ಕೆ ಉತ್ತರವೇ ಇಲ್ಲ ಎಂದು ಆಮೇಲೆ ಕಂಪ್ಯೂಟರ್ ಪ್ರೋಗ್ರಾಮುಗಳೂ ಖಚಿತಪಡಿಸಿದವು.

ನಂಬರಿನಿಂದ ಎಲೆ ಬರುವುದು ಹೇಗೆ?

ಕಂಪ್ಯೂಟರಿಗೆ ನಮ್ಮ ಹಾಗೆ ಎಲೆ ಕಲಸಲು ಬರುವುದಿಲ್ಲ. ಅದು ಲೆಕ್ಕ ಮಾಡಿ, ಕಲಸಿದ ಹಾಗೆ ಕಾಣುವಂತೆ ಮಾಡುತ್ತದೆ. ಫ್ರೀಸೆಲ್‌ನ ಲೆಕ್ಕ ಇದು.

ಹಂಚಿಕೆಯ ನಂಬರನ್ನು 214013ರಿಂದ ಗುಣಿಸಿ, 2531011 ಕೂಡಿಸಿ. ಬಂದದ್ದನ್ನು 2147483648ರಿಂದ ಭಾಗಿಸಿ ಶೇಷ ತೆಗೆದುಕೊಳ್ಳಿ. ಆ ಶೇಷವನ್ನು 65536ರಿಂದ ಭಾಗಿಸಿ, ದಶಾಂಶ ಬಿಟ್ಟುಬಿಡಿ. ಬಂದ ಸಂಖ್ಯೆಯನ್ನು ಉಳಿದಿರುವ ಎಲೆಗಳ ಸಂಖ್ಯೆಯಿಂದ (ಮೊದಲ ಸಲ 52) ಭಾಗಿಸಿ. ಈ ಸಲದ ಶೇಷವೇ ಎಲೆಯ ಸ್ಥಾನ.

ಎಲೆಗಳನ್ನು 0ಯಿಂದ ಎಣಿಸಬೇಕು. 0 ಕಳಾವರ್ ಎಕ್ಕ, 1 ಡೈಮಂಡ್ ಎಕ್ಕ, 2 ಆಟೀನ್ ಎಕ್ಕ, 3 ಇಸ್ಪೀಟ್ ಎಕ್ಕ, 4 ಕಳಾವರ್ ಎರಡು, ಹೀಗೆ ಮುಂದೆ.

ನಂಬರು 1ನ್ನು ನೋಡೋಣ. 1 × 214013 + 2531011 = 2745024. ಇದು 2147483648ಕ್ಕಿಂತ ಚಿಕ್ಕದು, ಆದ್ದರಿಂದ ಹಾಗೇ ಉಳಿಯಿತು. 65536ರಿಂದ ಭಾಗಿಸಿದರೆ 41. ಅದನ್ನು 52ರಿಂದ ಭಾಗಿಸಿದರೆ ಶೇಷ 41. ನಾಲ್ಕು ನಾಲ್ಕರಂತೆ ಎಣಿಸಿಕೊಂಡು ಹೋದರೆ 41ನೇ ಸ್ಥಾನದಲ್ಲಿ ಡೈಮಂಡ್ ಗುಲಾಮ ಸಿಗುತ್ತಾನೆ. ಒಂದನೇ ನಂಬರಿನ ಆಟದ ಮೊದಲ ಎಲೆ ಅವನೇ! ಅವನನ್ನು ಎತ್ತಿದ ಜಾಗಕ್ಕೆ ಕಟ್ಟಿನ ಕೊನೆಯ ಎಲೆಯನ್ನು ತಂದಿಡಬೇಕು. ಆಮೇಲೆ 2745024ಕ್ಕೆ ಅದೇ ಲೆಕ್ಕ ಮತ್ತೊಮ್ಮೆ, ಈ ಸಲ 51 ಎಲೆಗೆ. ಬರುವುದು ಡೈಮಂಡ್ ಎರಡು.

ಮತ್ತೆ ಕಟ್ಟುವವರಿಗೆ ಈ ಸೂತ್ರ ಯಾಕೆ ಮುಖ್ಯ ಅಂತ ಈಗ ಗೊತ್ತಾಯಿತಲ್ಲ? ಸೂತ್ರ ಬೇರೆಯಾದರೆ ಅವರ 11982 ಇನ್ಯಾವುದೋ ಆಟ. ಜನ ಎಷ್ಟೋ ವರ್ಷ ಕೂಡಿಹಾಕಿದ ಅನುಭವ ಅಲ್ಲಿಗೆ ಕಡಿದುಹೋಗುತ್ತದೆ. ಪೈಥಾನ್ ಭಾಷೆಯಲ್ಲಿ ಬರೆದ ಪೈಸಾಲ್‌ಎಫ್‌ಸಿ ಎಂಬ ಸ್ವತಂತ್ರ ತಂತ್ರಾಂಶದಲ್ಲಿ ಇಂಥ ಒಬ್ಬರೇ ಆಡುವ ಆಟ ಸಾವಿರಕ್ಕೂ ಹೆಚ್ಚು ಉಂಟು. ವಿಂಡೋಸ್ ಫ್ರೀಸೆಲ್‌ನ ನಂಬರುಗಳನ್ನೂ ಅದರಲ್ಲಿ ಹಾಗೇ ಉಳಿಸಿಕೊಂಡಿದ್ದಾರೆ.

ಇದು ಕದ್ದ ಹಾಗಲ್ಲವೇ?

ಕೇಳಬೇಕಾದ ಪ್ರಶ್ನೆಯೇ. ಕೃತಿಸ್ವಾಮ್ಯದ ಕಾನೂನು ಕಾಯುವುದು ಬರೆದ ಸಂಕೇತ, ಚಿತ್ರ, ಸಂಗೀತ ಇಂಥವನ್ನು. ಆಟದ ನಿಯಮ ಬರೀ ಒಂದು ಕಲ್ಪನೆ, ಅದಕ್ಕೆ ಕೃತಿಸ್ವಾಮ್ಯ ಇಲ್ಲ. ಆದರೆ ಗಡಿ ದಾಟಿದರೆ ಕಷ್ಟ. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಜಿಟ್ನೋವ್ ರಚಿಸಿದ ಟೆಟ್ರಿಸ್ ಆಟವನ್ನು ಒಂದು ಕಂಪನಿ ಫೋನಿಗಾಗಿ ಹೆಚ್ಚುಕಡಿಮೆ ಇದ್ದ ಹಾಗೇ ಮಾಡಿ ಮಾರಿತು. 2012ರಲ್ಲಿ ಅಮೆರಿಕದ ನ್ಯಾಯಾಲಯ ಅದು ತಪ್ಪು ಎಂದಿತು. ನಿಯಮ ತೆಗೆದುಕೊಳ್ಳಬಹುದು, ಮೂಲದ ರೂಪವನ್ನೇ ಎತ್ತಿಕೊಳ್ಳಬಾರದು ಎಂಬುದು ಅದರ ಸಾರ.

ಆದ್ದರಿಂದ ಮತ್ತೆ ಕಟ್ಟುವವರು ಸಂಕೇತ ಬರೆದರೆ ಸಾಲದು, ಚಿತ್ರ, ಸದ್ದು ಎಲ್ಲ ಹೊಸತಾಗಿ ಮಾಡಬೇಕು. ಕ್ರಿಸ್ ಸಾಯರ್ ಅವರ ಟ್ರಾನ್ಸ್‌ಪೋರ್ಟ್ ಟೈಕೂನ್ ಡಿಲಕ್ಸ್ ಎಂಬ ರೈಲು-ಬಸ್ಸಿನ ಆಟವನ್ನು ಲುಡ್ವಿಗ್ ಸ್ಟ್ರಿಗೇಯಸ್ ಓಪನ್‌ಟಿಟಿಡಿ ಎಂದು ಹೊಸದಾಗಿ ಬರೆದು 2004ರಲ್ಲಿ ಬಿಡುಗಡೆ ಮಾಡಿದರು. ಆದರೂ ಅದನ್ನು ಆಡಲು ಹಳೆಯ ಆಟದ ಚಿತ್ರಗಳ ಕಡತ ಬೇಕಾಗಿತ್ತು. ಆಸಕ್ತರು ಒಂದೊಂದೇ ರೈಲು, ಮನೆ, ಮರವನ್ನು ಹೊಸತಾಗಿ ಬರೆದು, ಸದ್ದುಗಳನ್ನೂ ಕೂಡಿಸಿ, 2010ರ 1.0 ಆವೃತ್ತಿಯ ಹೊತ್ತಿಗೆ ಆ ಹಂಗು ತಪ್ಪಿಸಿದರು. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು ಸಿವಿಲೈಸೇಶನ್ ಆಟವನ್ನು ನೋಡಿ 1996ರಲ್ಲಿ ಹೊರತಂದ ಫ್ರೀಸಿವ್ ಕೂಡ ಇಂಥದೇ. ಅವರು ಕೈಬಿಟ್ಟ ಮೇಲೂ ಬೇರೆಯವರು ಮುಂದುವರಿಸಿದ್ದರಿಂದ ಅದು ಇಂದಿಗೂ ಬದುಕಿದೆ.

ನಮಗೇನು ಸಂಬಂಧ?

ಇಂಥ ಆಟದಲ್ಲಿ "ಹೊಸ ಆಟ", "ಹಿಂದಕ್ಕೆ", "ಸುಳಿವು" ಮುಂತಾದ ಮಾತುಗಳೆಲ್ಲ ಒಂದು ಬೇರೆ ಕಡತದಲ್ಲಿ ಇರುತ್ತವೆ. ಒಂದು ಗೆರೆಯಲ್ಲಿ ಇಂಗ್ಲಿಷ್, ಅದರ ಕೆಳಗಿನ ಗೆರೆಯಲ್ಲಿ ಅನುವಾದ. ಅದನ್ನು ತುಂಬಲು ಪ್ರೋಗ್ರಾಮಿಂಗ್ ಬರಬೇಕೆಂದಿಲ್ಲ, ಕನ್ನಡ ಬಂದರೆ ಸಾಕು. ಕಂಪನಿಯ ಆಟಕ್ಕೆ ಕನ್ನಡ ಬರಬೇಕಾದರೆ ಕಂಪನಿಗೆ ಲಾಭ ಕಾಣಬೇಕು. ಸ್ವತಂತ್ರ ತಂತ್ರಾಂಶಕ್ಕೆ ಬರಬೇಕಾದರೆ ನಾವು ನಾಲ್ಕು ಜನ ಕೂತರಾಯಿತು. ಗಡಿಯ ಆಚೆ ಇರುವ ನಮಗೆ ಇದು ಸಣ್ಣ ಮಾತಲ್ಲ. ಬೋರ್ಡು, ಬಸ್ಸು, ಅರ್ಜಿ ಎಲ್ಲ ಬೇರೆ ಭಾಷೆಯಲ್ಲಿ ಓದುವ ಮಕ್ಕಳಿಗೆ ಆಟವಾದರೂ ಕನ್ನಡದಲ್ಲಿ ಸಿಗಲಿ. ನಾವೇ ಕೂರದಿದ್ದರೆ ಆ ಕೆಳಗಿನ ಗೆರೆ ಖಾಲಿಯೇ ಉಳಿಯುತ್ತದೆ.

ಮಾಡಿ ನೋಡಿ

1. ಫ್ರೀಸೆಲ್ ನಂಬರು 5ರ ಮೊದಲ ಎಲೆ ಯಾವುದು? ಕ್ಯಾಲ್ಕುಲೇಟರಿನಲ್ಲಿ ಲೆಕ್ಕ ಮಾಡಿ. (ಸುಳಿವು: 54 ಬರುತ್ತದೆ, ಅದು 52ಕ್ಕಿಂತ ದೊಡ್ಡದು. ಉತ್ತರ: ಆಟೀನ್ ಎಕ್ಕ.)

2. ನಾಲ್ಕು ಬಣ್ಣದ ಎಲೆಗಳಿಗೆ ನಿಮ್ಮ ಊರಿನಲ್ಲಿ ಏನು ಹೆಸರು ಅಂತ ಹಿರಿಯರನ್ನು ಕೇಳಿ ಬರೆದಿಡಿ. ಮುಂದೆ ಆಟವೊಂದನ್ನು ಕನ್ನಡಕ್ಕೆ ತರುವವರಿಗೆ ಆ ಪಟ್ಟಿ ಬೇಕಾಗುತ್ತದೆ. ಆ ಕೆಲಸ ಮಾಡುವವರು ನೀವೇ ಆಗಿರಬಹುದು.

3. ಚೆನ್ನೆಮಣೆಯ ನಿಯಮಗಳನ್ನು, ಒಂದೂ ಬಿಡದೆ, ಆಟವೇ ಗೊತ್ತಿಲ್ಲದವರಿಗೂ ತಿಳಿಯುವಂತೆ ಹಂತಹಂತವಾಗಿ ಬರೆಯಿರಿ. ಆ ಕಾಗದ ಹಿಡಿದು ಗೆಳೆಯನೊಬ್ಬ ತಪ್ಪಿಲ್ಲದೆ ಆಡಿದರೆ, ಪ್ರೋಗ್ರಾಮಿನ ಅರ್ಧ ಕೆಲಸ ಆಗಲೇ ಮುಗಿದ ಹಾಗೆ.