ಹಸಿರು ಗುಳಿಗೆಯ ಎಣ್ಣೆ

ಕುರುಬರಹಳ್ಳಿಯ ನಮ್ಮ ಬೀದಿಯ ಔಷಧದಂಗಡಿಯಲ್ಲಿ ಜ್ವರದ ಮಾತ್ರೆಯಷ್ಟೇ ಸಲೀಸಾಗಿ ಖರ್ಚಾಗುವ ವಸ್ತು ಇನ್ನೊಂದುಂಟು: ‘ಇ’ ಜೀವಸತ್ವದ ಎಣ್ಣೆ ತುಂಬಿದ ಹಸಿರು ಗುಳಿಗೆ. ಕೊಳ್ಳುವವರಲ್ಲಿ ಅನೇಕರು ಅದನ್ನು ನುಂಗುವುದಿಲ್ಲ. ಸೂಜಿಯಿಂದ ಚುಚ್ಚಿ, ಹಿಂಡಿ, ಮುಖಕ್ಕೆ ಹಚ್ಚಿಕೊಳ್ಳುತ್ತಾರೆ. ನನ್ನ ತಂಗಿಯ ಮಗಳು ಮಾಡಿದ್ದೂ ಅದನ್ನೇ. ಒಗ್ಗರಣೆ ಸಿಡಿದು ಕೆನ್ನೆಯ ಮೇಲೆ ಉಳಿದಿದ್ದ ಕಲೆ ವರನ ಕಡೆಯವರು ಬರುವುದರೊಳಗೆ ಮಾಯವಾಗಬೇಕಿತ್ತು. ಹತ್ತು ದಿನ ಕಳೆದರೂ ಕಲೆ ಇದ್ದಲ್ಲೇ ಇತ್ತು. ಅದರ ಸುತ್ತ ಕೆಂಪು ದದ್ದೆದ್ದು ತುರಿಕೆಯೂ ಸೇರಿಕೊಂಡಿತ್ತು. “ಮಾವಾ, ಜೀವಸತ್ವ ಕೆಡುಕು ಮಾಡೀತೆ?” ಎಂದು ಅವಳು ಕೇಳಿದಾಗ ನಾನು ಪುಸ್ತಕ ಬಿಚ್ಚಬೇಕಾಯಿತು.

1922ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹರ್ಬರ್ಟ್ ಇವಾನ್ಸ್ ಮತ್ತು ಕ್ಯಾಥರೀನ್ ಬಿಷಪ್ ಈ ಸತ್ವವನ್ನು ಗುರುತಿಸಿದ್ದು ಚರ್ಮದ ಚಿಂತೆಯಿಂದಲ್ಲ. ಇದಿಲ್ಲದ ಆಹಾರ ತಿಂದ ಹೆಣ್ಣಿಲಿಗಳಿಗೆ ಗರ್ಭ ಉಳಿಯುತ್ತಿರಲಿಲ್ಲ. ಟೊಕೊಫೆರಾಲ್ ಎಂಬ ಹೆಸರಿನಲ್ಲಿ ‘ಹೆರಿಗೆ’ ಎಂಬರ್ಥದ ಗ್ರೀಕ್ ಮಾತೇ ಅಡಗಿದೆ. ಚರ್ಮದಲ್ಲಿಯೂ ಅದಕ್ಕೆ ಕೆಲಸವುಂಟು: ಹಳೆಯ ಎಣ್ಣೆ ಕಮಟುವಂತೆ, ಬಿಸಿಲು ತಾಗಿದ ಚರ್ಮದ ಕೊಬ್ಬಿನಂಶ ಕೆಡದ ಹಾಗೆ ಅದು ಕಾಯುತ್ತದೆ. ನಾವು ಶಪಿಸುತ್ತ ಒರೆಸಿಕೊಳ್ಳುವ ಮುಖದ ಜಿಡ್ಡೇ ಅದನ್ನು ಒಳಗಿನಿಂದ ಮೇಲಕ್ಕೆ ತರುವ ವಾಹನ. ಕುಸುಬೆ, ಸೂರ್ಯಕಾಂತಿ, ಬಾದಾಮಿ, ಕಡಲೆಕಾಯಿ ತಿನ್ನುವವರಿಗೆ ಅದು ಊಟದಲ್ಲೇ ದೊರೆಯುತ್ತದೆ.

ಹೊರಗಿನಿಂದ ಹಚ್ಚಿದ ಎಣ್ಣೆ ಮುಖ್ಯವಾಗಿ ಒಂದು ಮುಚ್ಚಳ. ಚರ್ಮ ಒರಟಾಗುವುದು ಅದರ ನೀರು ಆರಿಹೋಗುವುದರಿಂದ. ಮಿಂದೊಡನೆ, ತೇವವಿರುವಾಗಲೇ ಹಚ್ಚಿದರೆ ಆ ನೀರು ನಿಲ್ಲುತ್ತದೆ. ಕುರಿಯ ಉಣ್ಣೆಯಿಂದ ತೆಗೆದು ಮುಲಾಮುಗಳಿಗೆ ಬೆರೆಸುವ ಲ್ಯಾನೋಲಿನ್ ಎಂಬ ಜಿಡ್ಡಿನ ಕೆಲಸವೂ ಇದೇ. ಕುರುಬರ ಹೆಸರು ಹೊತ್ತ ಊರಿನಲ್ಲಿ ಕುಳಿತು ಕುರಿಯನ್ನು ಮರೆಯಲಾದೀತೆ?

ಕಲೆಯ ಮಾತು ಬೇರೆ. ಅಮೆರಿಕದ ಮಯಾಮಿಯ ವೈದ್ಯರು 1999ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಶಸ್ತ್ರಕ್ರಿಯೆಯ ಗಾಯದ ಒಂದು ಭಾಗಕ್ಕೆ ಬರಿಯ ಮುಲಾಮು, ಇನ್ನೊಂದಕ್ಕೆ ಈ ಸತ್ವ ಬೆರೆಸಿದ ಮುಲಾಮು ಹಚ್ಚಿಸಿದರು. ನೂರಕ್ಕೆ 90ರಷ್ಟು ಪ್ರಸಂಗಗಳಲ್ಲಿ ಸತ್ವದಿಂದ ಲಾಭ ಕಾಣಲಿಲ್ಲ, ಇಲ್ಲವೆ ಕಲೆ ಇನ್ನಷ್ಟು ವಿಕಾರವಾಯಿತು. ಮೂವರಲ್ಲೊಬ್ಬರಿಗೆ ಚರ್ಮವೇ ಕೆರಳಿತು. ಪರೀಕ್ಷೆಗೊಳಗಾದವರು 15 ಮಂದಿ ಮಾತ್ರ, ನಿಜ. ಆದರೂ ಮುಖಕ್ಕೆ ಹಚ್ಚುವ ಮುನ್ನ ಮೊಣಕೈಯ ಒಳಬದಿಗೆ ಒಂದು ತೊಟ್ಟು ಸವರಿ ಎರಡು ಮೂರು ದಿನ ಕಾಯುವುದು ಲೇಸು.

ಎಣ್ಣೆ ನಿಲ್ಲಿಸಿ, ಚರ್ಮವೈದ್ಯರ ಮುಲಾಮು ಹಚ್ಚಿದ ಮೇಲೆ ಅವಳ ದದ್ದು ಇಳಿಯಿತು. ಕಲೆ ಉಳಿದಿದೆ. ವರನ ಕಡೆಯವರು ಬಂದ ದಿನ ಅವಳು ಅದರ ಮೇಲೆ ಪೌಡರನ್ನೂ ಬಳಿದುಕೊಳ್ಳಲಿಲ್ಲ. ಮಿಕ್ಕ ಗುಳಿಗೆಗಳನ್ನು ನನ್ನ ತಾಯಿ ಒಡೆದ ಹಿಮ್ಮಡಿಗೆ ಹಿಂಡಿಕೊಳ್ಳುತ್ತಿದ್ದಾರೆ; ಅವರಿಂದ ಈವರೆಗೆ ದೂರಿಲ್ಲ.