ಮಸಾರಿ ನೆಲದ ನಿಂಬೆ

ಆದೋನಿಯಿಂದ ಆಸ್ಪರಿ ದಾರಿ ಹಿಡಿದರೆ ಎರೆ ಎಲ್ಲಿ ಮುಗಿಯಿತು, ಮಸಾರಿ ಎಲ್ಲಿ ಶುರುವಾಯಿತು ಎಂಬುದನ್ನು ಬೆಳೆ ನೋಡಿಯೇ ತಿಳಿಯಬಹುದು. ಕಪ್ಪು ಬಯಲಲ್ಲಿ ಹತ್ತಿ, ಬಿಳಿಜೋಳ, ಕಡಲೆ. ಗ್ರಾನೈಟ್ ಗುಡ್ಡಗಳ ಬುಡಕ್ಕೆ ಬಂದಂತೆ ಮಣ್ಣು ಕೆಂಪಾಗಿ, ಗರಸು ಬೆರೆತು, ಶೇಂಗಾ ಕಾಣುತ್ತದೆ. ನಾನು ನೋಡುತ್ತಿದ್ದ ನಿಂಬೆ ತೋಟ ಅಂಥ ಕಡೆ, ಕೆರೆ ಏರಿಯ ಕೆಳಗಿತ್ತು. ಕೆರೆಯಲ್ಲಿ ನೀರಿದ್ದಷ್ಟು ದಿನ ಅದು ನೆಲದೊಳಗೆ ಬಸಿದು ಬಾವಿ ಸೇರುತ್ತದೆ. ತೋಟ ಬದುಕಿದ್ದು ಆ ಬಸಿನೀರಿನ ಮೇಲೆ.

1800ರಲ್ಲಿ ನಿಜಾಮನಿಂದ ಕಂಪನಿಯ ಕೈಗೆ ಬಂದ ಸೀಮೆಯಿದು. ಥಾಮಸ್ ಮನ್ರೋ ಭೂಮಿ ಅಳೆಸಿದ ಕಾಲದಲ್ಲಿ ಖುಷ್ಕಿ, ತರಿ, ಬಾಗಾಯ್ತು ಎಂದು ಕಂದಾಯದ ಲೆಕ್ಕ ಬೇರೆಬೇರೆಯಾಗಿತ್ತು. ಅದೇ ಮನ್ರೋ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡಾಗ ಅಲ್ಲಿ ನೆನಪಿಗೆ ಮಾಡಿಸಿದ್ದು ಒಂದು ಬಾವಿ, ಒಂದು ಮರಗಳ ತೋಪು. ಈ ಒಣಸೀಮೆಗೆ ಅದಕ್ಕಿಂತ ಒಪ್ಪುವ ಸ್ಮಾರಕ ನನಗೆ ತೋಚದು.

1953ರಲ್ಲಿ ಆದೋನಿ, ಆಲೂರು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಹೋದವು. ತುಂಗಭದ್ರೆಯ ಕೆಳಮಟ್ಟದ ಕಾಲುವೆಯಿಂದ ಎರೆ ಹೊಲಗಳಿಗೂ ನೀರು ಹರಿಯಿತು. ಆದರೆ ನಿಂಬೆ ಕಾಲುವೆಯ ಹಿಂದೆ ಹೋಗಲಿಲ್ಲ. "ಎರಿ ಹೊಲದಾಗ ನಿಂಬಿ ನಿಲ್ಲಂಗಿಲ್ರಿ," ಎಂದರು ತೋಟದ ಹಿರಿಯರು. ಬೇಸಿಗೆಯಲ್ಲಿ ಎರೆ ಬಿರಿದು ಎಳೆ ಬೇರು ಹರಿಯುತ್ತದೆ. ಮಳೆಗೆ ಅದೇ ಮಣ್ಣು ಉಬ್ಬಿ, ನೀರು ಹಿಡಿದು, ಬೇರಿಗೆ ಉಸಿರು ಕಟ್ಟಿಸುತ್ತದೆ. ಸುಣ್ಣಕಲ್ಲು ಹೆಚ್ಚಿದ್ದಲ್ಲಿ ಚಿಗುರೆಲೆ ನರ ಮಾತ್ರ ಹಸಿರುಳಿದು ಹಳದಿಯಾಗುತ್ತದೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಗಿಡಕ್ಕೆ ದಕ್ಕುವುದಿಲ್ಲ.

ಇನ್ನೂ ಒಂದಿದೆ. ಹೂ ಬರಿಸಬೇಕಾದರೆ ಮೊದಲು ನೀರು ನಿಲ್ಲಿಸಿ ಗಿಡ ಬಾಡಿಸಬೇಕು. ಮಸಾರಿ ಬೇಗ ಆರುತ್ತದೆ, ಕೆಲವೇ ವಾರಗಳಲ್ಲಿ ಎಲೆ ಮುದುಡುತ್ತದೆ. ಎರೆಯಲ್ಲಿ ಆ ಬಾಡು ಬರಲು ಬಹಳ ದಿನ ಬೇಕು. ಆಮೇಲೆ ಪಾತಿ ಕೆದರಿ, ಗೊಬ್ಬರ ಕೊಟ್ಟು ನೀರು ಬಿಟ್ಟರೆ ಚಿಗುರು, ಮೊಗ್ಗು ಒಟ್ಟಿಗೇ ಬರುತ್ತವೆ.

ಚಿಗುರಿನ ಜೊತೆಗೇ ನಿಂಬೆ ಚಿಟ್ಟೆ. ಕಪ್ಪು ರೆಕ್ಕೆ, ಮೇಲೆ ತಿಳಿಹಳದಿ ಮಚ್ಚೆ, ಹಿಂರೆಕ್ಕೆಯಲ್ಲೊಂದು ಕೆಂಪು ಚುಕ್ಕೆ, ಬಾಲವಿಲ್ಲ. ಹೆಣ್ಣು ಒಂದೆಡೆ ಕೂರದೆ, ರೆಕ್ಕೆ ಬಡಿಯುತ್ತಲೇ ಎಳೆ ಎಲೆಗೆ ಹೊಟ್ಟೆ ಬಾಗಿಸಿ ಒಂದು ತತ್ತಿ ಅಂಟಿಸಿ ಮುಂದಿನ ಗಿಡಕ್ಕೆ ಹೋಗುತ್ತದೆ. ಮರಿಹುಳು ಮೊದಮೊದಲು ಹಕ್ಕಿ ಹಿಕ್ಕೆಯಂತೆ ಕಪ್ಪು ಬಿಳುಪು, ಬಲಿತಾಗ ಎಲೆಹಸಿರು. ಕಡ್ಡಿ ತಾಗಿಸಿದೆ: ತಲೆಯ ಹಿಂದಿನಿಂದ ಕವಲುಕೋಡು ಹೊರಬಂತು, ಘಾಟು ವಾಸನೆಯೂ ಬಂತು.

ತೋಟಗಳಿಲ್ಲದ ಕಡೆಯೂ ಈ ಚಿಟ್ಟೆಗೆ ನೆಲೆಯುಂಟು. ಬೇಲ, ಬಿಲ್ವ, ಹಿತ್ತಲ ಕರಿಬೇವು ಎಲ್ಲವೂ ನಿಂಬೆಯ ಕುಲದವೇ. ಅದಕ್ಕೇ ತೋಟದ ಬದುವಿನ ಬೇಲದ ಮರವನ್ನು ಹುಳುವಿನ ತವರೆಂದು ಕಡಿಯುವುದು ನನಗೆ ಸರಿ ಕಾಣುವುದಿಲ್ಲ. ಎಳೆ ಸಸಿಗಳಲ್ಲಿ ಹುಳುವನ್ನು ಕೈಯಿಂದಲೇ ಆರಿಸಬಹುದು. ಬೆಳೆದ ಮರ ಕಳೆದ ಎಲೆಯನ್ನು ಮುಂದಿನ ಚಿಗುರಿನಲ್ಲಿ ತುಂಬಿಕೊಳ್ಳುತ್ತದೆ.